ಕಪ್ಪು ಪರದೆಯ ಹಿಂದಿನ ಐದು ಸಾಲುಗಳು

ಮನೆಯ ಲಿನಕ್ಸ್ ಕಂಪ್ಯೂಟರಿನಲ್ಲಿ ಹಳೆಯ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ತೆಗೆದು ಹೊಸ ಎಎಮ್‌ಡಿ ಕಾರ್ಡ್ ಕೂರಿಸಿದ್ದೀರಿ, ಪರದೆ ಕಪ್ಪಾಗಿದೆ. ಕಾರ್ಡೇ ಕೆಟ್ಟಿದೆಯೆಂದು ಅಂಗಡಿಗೆ ಓಡಬೇಡಿ. ಕಂಟ್ರೋಲ್, ಆಲ್ಟ್, ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಸಾಮಾನ್ಯವಾಗಿ ಬರೀ ಅಕ್ಷರಗಳ ಕನ್ಸೋಲ್ ತೆರೆದುಕೊಳ್ಳುತ್ತದೆ. ಪರದೆಗೆ ಚಿತ್ರ ಮೂಡಿಸುವ ಎಕ್ಸ್ ಸರ್ವರ್ ಎಂಬ ತಂತ್ರಾಂಶಕ್ಕೆ ಸೂಚನೆ ಕೊಡುವ ಎಕ್ಸ್‌ಆರ್ಗ್ ಕಾನ್ಫ್ ಎಂಬ ಕಡತವನ್ನು ಅಲ್ಲಿ ಓದಬೇಕು. ಅದರ ಇಂಗ್ಲಿಷ್ ಸಾಲುಗಳನ್ನು ಇಲ್ಲಿ ಓದುವ ಉಚ್ಚಾರಣೆಯಲ್ಲೇ ಕೊಟ್ಟಿದೆ.

ಡ್ರೈವರ್ "ಎನ್‌ವಿಡಿಯಾ"

ಕಾರ್ಡ್ ಹೋದರೂ ಅದರ ಚಾಲಕದ ಹೆಸರು ಉಳಿದಿದೆ. ಕಡತ ಹೇಳಿದ ಚಾಲಕವನ್ನೇ ಹುಡುಕುವ ಎಕ್ಸ್ ಸರ್ವರ್, ಅದಕ್ಕೆ ತಕ್ಕ ಕಾರ್ಡ್ ಸಿಗದೆ ನಿಂತುಬಿಡುತ್ತದೆ. ಎಕ್ಸ್ ಸರ್ವರಿನ ಲಾಗ್ ಕಡತದಲ್ಲಿ "ಇಇ" ಗುರುತಿನ ಸಾಲುಗಳನ್ನು ನೋಡಿ. ತಪ್ಪುಗಳೆಲ್ಲ ಆ ಗುರುತಿನೊಂದಿಗೇ ದಾಖಲಾಗುತ್ತವೆ. ಡ್ರೈವರ್ ಸಾಲಿನಲ್ಲಿ "ಎನ್‌ವಿಡಿಯಾ" ಬದಲು "ಎಎಮ್‌ಡಿಜಿಪಿಯು" ಎಂದು ಬರೆಯಬಹುದು.

ಬಸ್‌ಐಡಿ "ಪಿಸಿಐ:1:0:0"

ಇದು ಮದರ್‌ಬೋರ್ಡಿನಲ್ಲಿ ಕಾರ್ಡಿನ ವಿಳಾಸ. ತುಂಬ ಜನ ಎಡವುವುದು ಇಲ್ಲೇ. ಎಲ್ಎಸ್‌ಪಿಸಿಐ ಆಜ್ಞೆ ವಿಳಾಸವನ್ನು ಹದಿನಾರರ ಎಣಿಕೆಯಲ್ಲಿ ತೋರಿಸುತ್ತದೆ. ಈ ಕಡತಕ್ಕೆ ಬೇಕಾದದ್ದು ಹತ್ತರ ಎಣಿಕೆ. ಅಲ್ಲಿ "0ಎ:00.0" ಎಂದು ಕಂಡರೆ ಇಲ್ಲಿ "ಪಿಸಿಐ:10:0:0" ಎಂದಾಗಬೇಕು. ಒಂಬತ್ತರವರೆಗೆ ಎರಡೂ ಎಣಿಕೆ ಒಂದೇ ಆಗಿರುವುದರಿಂದ ಈ ವ್ಯತ್ಯಾಸ ಎಷ್ಟೋ ಜನರ ಗಮನಕ್ಕೇ ಬಂದಿರುವುದಿಲ್ಲ. ಒಂದೇ ಕಾರ್ಡ್ ಇದ್ದರೆ ಈ ಸಾಲನ್ನು ತೆಗೆದುಹಾಕುವುದೇ ಮೇಲು.

ಹಾರಿಜ್‌ಸಿಂಕ್ 30-50

ಪರದೆ ಬಂದರೂ ಅಕ್ಷರಗಳು ದಪ್ಪವಾಗಿ, ಮಸುಕಾಗಿ ಕಂಡರೆ ಮೊದಲು ಅನುಮಾನಿಸಬೇಕಾದ ಸಾಲು ಇದು. ಮಾನಿಟರ್ ಸೆಕೆಂಡಿಗೆ ಎಷ್ಟು ಸಾವಿರ ಅಡ್ಡಗೆರೆಗಳನ್ನು ಎಳೆಯಬಲ್ಲದು ಎಂಬುದರ ಮಿತಿಯನ್ನು ಇದು ಹೇಳುತ್ತದೆ. 1920×1080 ಚಿತ್ರದಲ್ಲಿ ಕಾಣುವ ಗೆರೆಗಳು 1080. ಕಾಣದ ಬಿಡುವಿನ 45 ಸೇರಿದರೆ 1125. ಸೆಕೆಂಡಿಗೆ 60 ಸಲ ಎಂದರೆ 67,500 ಗೆರೆ, ಅಂದರೆ 67.5 ಕಿಲೋಹರ್ಟ್ಸ್. ಮಿತಿ 50 ಎಂದು ಬರೆದಿದ್ದರೆ ಈ ಅಳತೆ ತಿರಸ್ಕೃತವಾಗಿ, ಸುಮಾರು 48.4 ಸಾಕಾಗುವ 1024×768ರಂಥ ಚಿಕ್ಕ ಅಳತೆ ಬರುತ್ತದೆ. ಮಾನಿಟರಿನ ತಪ್ಪು ಇದರಲ್ಲಿ ಏನೂ ಇಲ್ಲ. ತನ್ನ ಸಾಮರ್ಥ್ಯವನ್ನು ಅದು ತಾನಾಗಿಯೇ ಕೇಬಲ್ ಮೂಲಕ ತಿಳಿಸುತ್ತದೆ. ಹೀಗೆ ತಿಳಿಸುವ ಇಡಿಐಡಿ ಪದ್ಧತಿಯನ್ನು ವೆಸಾ ಸಂಸ್ಥೆ 1994ರಲ್ಲೇ ರೂಪಿಸಿತು. ಯಾರದೋ ಕಂಪ್ಯೂಟರಿನಿಂದ ನಕಲು ಮಾಡಿದ ಅಂಕಿ ಮಾನಿಟರಿನ ಮಾತನ್ನು ಮುಚ್ಚಿಹಾಕಿದೆ, ಅಷ್ಟೆ.

ವರ್ಟ್‌ರಿಫ್ರೆಶ್ 56-75

ಸೆಕೆಂಡಿಗೆ ಚಿತ್ರ ಎಷ್ಟು ಸಲ ಹೊಸದಾಗುತ್ತದೆ ಎಂಬ ಮಿತಿ. 60 ಇದರೊಳಗೇ ಇದೆ, ತೊಂದರೆಯಿಲ್ಲ.

ಡೀಫಾಲ್ಟ್‌ಡೆಪ್ತ್ 24

ಕೆಂಪು, ಹಸಿರು, ನೀಲಿಗೆ ಎಂಟೆಂಟು ಬಿಟ್. ಇದನ್ನು ಮುಟ್ಟಬೇಡಿ.

ಇಂದಿನ ಎಕ್ಸ್ ಸರ್ವರ್ ಕಾರ್ಡನ್ನೂ ಮಾನಿಟರನ್ನೂ ತಾನೇ ಗುರುತಿಸಿಕೊಳ್ಳುತ್ತದೆ. ಬಹುತೇಕ ಮನೆಗಳಲ್ಲಿ ಈ ಕಡತದ ಅಗತ್ಯವೇ ಇಲ್ಲ. ತಪ್ಪು ಮಾಹಿತಿ ಕೊಡುವುದಕ್ಕಿಂತ ಏನೂ ಕೊಡದಿರುವುದು ಒಳ್ಳೆಯದು. ಆದ್ದರಿಂದ ಒಂದೊಂದೇ ಸಾಲು ತಿದ್ದುತ್ತ ಕೂರುವ ಮೊದಲು ಕಡತದ ಹೆಸರು ಬದಲಿಸಿ, ಕಂಪ್ಯೂಟರನ್ನು ಮತ್ತೆ ಶುರು ಮಾಡಿ ನೋಡಿ. ಅಳಿಸಬೇಡಿ, ಹಳೆಯ ಕಾರ್ಡನ್ನೇ ಮತ್ತೆ ಹಾಕಬೇಕಾಗಿ ಬಂದರೆ ಅದು ಬೇಕಾಗುತ್ತದೆ.