ಟಿಪ್ಪಣಿಯ ಕೈದೀಪ



ಮಠದ ನೆರಳಿನಲ್ಲಿ ಓದಿ ಬೆಳೆದ ತಮಗೆ ಟೀಕೆಯ ಉಪಕಾರವನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಬೆಡಗಿನ ವಚನ ಎದುರಾದಾಗ ಟೀಕಾಕಾರನ ಕೈಹಿಡಿಯದೆ ಮುಂದೆ ಸಾಗಿದವರು ವಿರಳ. ಇಂದು ರಾಜಾಜಿನಗರ, ವಿಜಯನಗರಗಳಲ್ಲಿ ಉದ್ಯೋಗಕ್ಕೆಂದು ಜರ್ಮನ್ ಕಲಿಯುವ ತರುಣರಿದ್ದಾರೆ. ಆ ನುಡಿ ಅವರನ್ನು ಷಿಲ್ಲರನ ರುದ್ರನಾಟಕಗಳ ಬಾಗಿಲಿಗೂ ಕರೆದೊಯ್ಯಬಲ್ಲದು. ಅಲ್ಲಿಯೂ ಟಿಪ್ಪಣಿಯೇ ಕೈದೀಪ.

ಇದರಲ್ಲಿ ಋಣಸಂದಾಯದ ಸೊಗಸೂ ಇದೆ. ಜರ್ಮನಿಯಿಂದ ಬಂದ ಮೋಗ್ಲಿಂಗ್ ನಮ್ಮ ಬಸವಪುರಾಣವನ್ನು ಅಚ್ಚಿಗೆ ತಂದನು. ಕಿಟ್ಟೆಲ್ ೧೮೭೨ರಲ್ಲಿ ಶಬ್ದಮಣಿದರ್ಪಣವನ್ನು ವ್ಯಾಖ್ಯಾನಸಹಿತ ಸಂಪಾದಿಸಿದನು. ಅವರು ನಮ್ಮ ಗ್ರಂಥಗಳಿಗೆ ತೋರಿದ ತಾಳ್ಮೆಯನ್ನು ನಾವು ಅವರ ಗ್ರಂಥಗಳಿಗೆ ತೋರಬೇಡವೇ?

ಲೈಪ್ಜಿಗ್ಗಿನ ರೆಕ್ಲಾಮ್ ಪ್ರಕಾಶನವು ೧೮೬೭ರಲ್ಲಿ ಗಯಟೆಯ 'ಫೌಸ್ಟ್' ಮೊದಲ ಭಾಗದಿಂದ ಆರಂಭಿಸಿದ ಸುಲಭ ಬೆಲೆಯ ಮಾಲೆ ಇಂದಿಗೂ ನಡೆದುಬಂದಿದೆ. ಹಳೆಯ ಶಾಲಾ ಆವೃತ್ತಿಗಳ ಮರುಮುದ್ರಣಗಳೂ ದೊರೆಯುತ್ತವೆ. ಆದರೆ ಅವುಗಳಲ್ಲಿ ಅನೇಕವು ಹಳೆಯ ಮುರುಕು ಲಿಪಿಯಲ್ಲಿವೆ. ಅಲ್ಲಿ 'ಸ'ಕಾರದ ಒಂದು ರೂಪವು 'ಫ'ಕಾರದಂತೆಯೇ ತೋರಿ ಹೊಸಬರನ್ನು ತಡವರಿಸುತ್ತದೆ.

೧೮೦೦ರಲ್ಲಿ ವೈಮಾರಿನಲ್ಲಿ ರಂಗವೇರಿದ 'ಮರಿಯ ಸ್ಟುಅರ್ಟ್' ನಾಟಕವನ್ನೇ ನೋಡಿರಿ. ಮೂರನೆಯ ಅಂಕದಲ್ಲಿ ಸೆರೆಯಾಳಾದ ಮರಿಯಳೂ ರಾಣಿ ಎಲಿಜಬೆತ್ತಳೂ ಉದ್ಯಾನದಲ್ಲಿ ಎದುರಾಗುತ್ತಾರೆ. ಬೇಡಲೆಂದು ಮೊಣಕಾಲೂರಿದವಳು, ಎಲಿಜಬೆತ್ತಳ ಚುಚ್ಚುನುಡಿಗೆ ಕೆರಳಿ, ಆಡಬಾರದ್ದನ್ನು ಆಡಿ ತನ್ನ ಬಿಡುಗಡೆಯ ಆಸೆಯನ್ನು ತಾನೇ ಸುಟ್ಟುಕೊಳ್ಳುತ್ತಾಳೆ. ಅಡಿಟಿಪ್ಪಣಿ ಹೇಳುವುದು: ಈ ಇಬ್ಬರು ಎಂದೂ ಭೇಟಿಯಾಗಲಿಲ್ಲ.

ಹಾಗಾದರೆ ನಾಟಕ ಸುಳ್ಳೇ? ಅವಸರದ ಓದುಗ ಇಲ್ಲಿಯೇ ಎಡವುತ್ತಾನೆ. ಬಿ.ಎಂ.ಶ್ರೀಯವರು ೧೯೨೯ರ 'ಅಶ್ವತ್ಥಾಮನ್' ನಾಟಕದಲ್ಲಿ, ಸೊಫೊಕ್ಲಿಸನ 'ಏಜಾಕ್ಸ್' ಅನ್ನು ಅನುಸರಿಸಿ, ಚಿರಂಜೀವಿಗೇ ಮರಣವನ್ನು ಕಲ್ಪಿಸಿದರು. ಪುರಾಣದ ಮಾತು ಒಂದು, ರುದ್ರನಾಟಕದ ಸತ್ಯ ಮತ್ತೊಂದು. ಷಿಲ್ಲರನಿಗೂ ಬೇಕಾಗಿದ್ದುದು ಮರಿಯಳ ಅಂತರಂಗ. ೧೫೮೭ರಲ್ಲಿ ವಧಾಸ್ಥಾನಕ್ಕೆ ನಡೆದ ಆಕೆ, ನಾಟಕದಲ್ಲಿ, ತಾನು ಮಾಡದ ಅಪರಾಧಕ್ಕೆ ವಿಧಿಸಿದ ದಂಡನೆಯನ್ನು ಹಿಂದೆ ನಿಜವಾಗಿ ಹೊತ್ತ ಪಾಪದ ಪ್ರಾಯಶ್ಚಿತ್ತವೆಂದು ಸ್ವೀಕರಿಸುತ್ತಾಳೆ. ಗಂಡನ ಕೊಲೆಯಲ್ಲಿ ಪಾಲುಗೊಂಡೆನೆಂಬ ಕೊರಗು ಆಕೆಯದು. ಆ ಕೊಲೆ ನಡೆದದ್ದು ೧೫೬೭ರಲ್ಲಿ ಎಂದು ತಿಳಿಸುವುದೂ ಟಿಪ್ಪಣಿಯೇ. ಅದಿಲ್ಲದೆ ಕೊನೆಯ ಅಂಕದ ಶಾಂತಿ ನಮಗೆ ಒಗಟಾಗಿಯೇ ಉಳಿದೀತು.

ಆದುದರಿಂದ ಟಿಪ್ಪಣಿಯನ್ನು ತಿರಸ್ಕರಿಸುವುದೂ ತಪ್ಪು, ಅದಕ್ಕೆ ಶರಣಾಗುವುದೂ ತಪ್ಪು. ಮೊದಲು ಅಂಕವೊಂದನ್ನು ತಡೆಯಿಲ್ಲದೆ, ಅರ್ಥವಾದಷ್ಟೇ ಸಾಕೆಂದು, ಗಟ್ಟಿಯಾಗಿ ಓದಿರಿ. ಎರಡನೆಯ ಸಲ ಟಿಪ್ಪಣಿಯೊಡನೆ ಓದಿರಿ. ಮೂರನೆಯ ಸಲ ಟಿಪ್ಪಣಿಯನ್ನು ಮುಚ್ಚಿಬಿಡಿರಿ. ದೀಪವಿರುವುದು ದಾರಿ ಕಾಣಲೆಂದು. ದೀಪವನ್ನೇ ನೋಡುತ್ತ ನಡೆದವನು ಊರು ಸೇರಲಾರನು.