ಗೊಂಚಲಿಗೆ ಎಷ್ಟು ತೂಕ?

ಎಂಟುನೂರು ಗೆಲಾಕ್ಸಿಗಳು. ಒಂದೊಂದಕ್ಕೂ ನೂರು ಕೋಟಿ ಸೂರ್ಯರ ತೂಕ. ಇವೆಲ್ಲ ಸುಮಾರು ಹತ್ತು ಲಕ್ಷ ಜ್ಯೋತಿರ್ವರ್ಷ ತ್ರಿಜ್ಯದ ಒಂದು ಉಂಡೆಯೊಳಗೆ ಓಡಾಡುತ್ತಿದ್ದರೆ ಅವುಗಳ ವೇಗ ಎಷ್ಟಿರಬೇಕು? 1933ರಲ್ಲಿ ಖಗೋಳವಿಜ್ಞಾನಿ ಫ್ರಿಟ್ಜ್ ಜ್ವಿಕಿ ಹಾಕಿದ ಲೆಕ್ಕವಿದು. ಸೆಕೆಂಡಿಗೆ 80 ಕಿಲೋಮೀಟರ್ ಎಂದು ಉತ್ತರ ಬಂತು. ಅಳತೆಯಲ್ಲಿ ಕಂಡ ವೇಗ ಮಾತ್ರ ಸಾವಿರ, ಕೆಲವು ಕಡೆ ಅದಕ್ಕೂ ಹೆಚ್ಚು.

ಆ ಓಟದಲ್ಲಿ ಗೆಲಾಕ್ಸಿಗಳು ಯಾವತ್ತೋ ದಿಕ್ಕಾಪಾಲಾಗಿ ಹೋಗಬೇಕಿತ್ತು. ಹೋಗಿಲ್ಲ. ಅಂದಮೇಲೆ ಕಣ್ಣಿಗೆ ಕಾಣುವುದರ ನಾನೂರು ಪಟ್ಟು ಭಾರ ಅಲ್ಲೇ ಎಲ್ಲೋ ಕುಳಿತು ಅವನ್ನು ಹಿಡಿದಿಟ್ಟುಕೊಂಡಿದೆ ಎಂದಾಯಿತು. ಸ್ವಿಟ್ಜರ್ಲೆಂಡಿನ ಭೌತವಿಜ್ಞಾನ ಪತ್ರಿಕೆಯೊಂದಕ್ಕೆ ಜರ್ಮನ್ ಭಾಷೆಯಲ್ಲಿ ಬರೆದ ಲೇಖನದಲ್ಲಿ ಜ್ವಿಕಿ ಈ ಕಾಣದ ಭಾರಕ್ಕೆ ಕೊಟ್ಟ ಹೆಸರನ್ನು ಕನ್ನಡಕ್ಕೆ ತಂದರೆ ‘ಕಪ್ಪು ದ್ರವ್ಯ’.

ಗೆಲಾಕ್ಸಿಗಳ ಇಂಥ ಗುಂಪಿಗೆ ಕೆಲವರು ಗುಚ್ಛ ಎನ್ನುತ್ತಾರೆ. ಗೊಂಚಲು ಎಂದರೆ ಇನ್ನೂ ಚೆನ್ನ. ದ್ರಾಕ್ಷಿ ಗೊಂಚಲನ್ನು ಕೈಯಲ್ಲಿ ಹಿಡಿದವರಿಗೆ ಹಣ್ಣುಗಳು ತಮ್ಮಷ್ಟಕ್ಕೆ ತಾವು ಅಂಟಿಕೊಂಡಿಲ್ಲ, ಒಳಗೊಂದು ತೊಟ್ಟಿದೆ ಎಂದು ಗೊತ್ತು. ಜ್ವಿಕಿ ಹೇಳಿದ್ದೂ ಅಷ್ಟೇ: ತೊಟ್ಟು ಕಾಣುತ್ತಿಲ್ಲ, ಆದರೆ ಇದೆ.

ಅವರ ಲೆಕ್ಕದಲ್ಲಿ ತಪ್ಪುಗಳಿದ್ದವು. ಆ ಗೊಂಚಲು 4.5 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ ಎಂಬುದು ಆಗಿನ ನಂಬಿಕೆ. ನಿಜವಾದ ದೂರ ಸುಮಾರು 32 ಕೋಟಿ. ದೂರ ಏಳು ಪಟ್ಟು ಹೆಚ್ಚಿದರೆ ಗೆಲಾಕ್ಸಿಗಳ ನಿಜವಾದ ಪ್ರಕಾಶವೂ ಉಂಡೆಯ ಗಾತ್ರವೂ ಹಿಗ್ಗುತ್ತವೆ, ನಾನೂರು ಎಂಬ ಅಂಕಿ ಐವತ್ತರ ಆಸುಪಾಸಿಗೆ ಇಳಿಯುತ್ತದೆ. ಆದರೂ ಐವತ್ತು ಪಟ್ಟು! ಅಂಕಿ ತಪ್ಪಿ ಮಾತು ನಿಂತ ಉದಾಹರಣೆ ವಿಜ್ಞಾನದ ಇತಿಹಾಸದಲ್ಲಿ ಇಷ್ಟು ದೊಡ್ಡದು ಇನ್ನೊಂದು ಸಿಗುವುದು ಕಷ್ಟ. ಇಷ್ಟಾಗಿಯೂ ಸುಮಾರು ನಲವತ್ತು ವರ್ಷ ಈ ಮಾತಿಗೆ ಯಾರೂ ಹೆಚ್ಚು ಕಿವಿಗೊಡಲಿಲ್ಲ. ಜ್ವಿಕಿಯವರ ನಾಲಗೆಯೂ ಸ್ವಲ್ಪ ಹರಿತ. ಸಹೋದ್ಯೋಗಿಗಳನ್ನು ಬೈಯುವಾಗ ‘ಗೋಳಾಕಾರದ’ ಎಂಬ ವಿಶೇಷಣ ಸೇರಿಸುತ್ತಿದ್ದರಂತೆ, ಯಾವ ಕಡೆಯಿಂದ ನೋಡಿದರೂ ದುಷ್ಟರೇ ಎಂಬರ್ಥದಲ್ಲಿ.

ಅವರು ತೂಗಿದ ಗೊಂಚಲಿಗೆ ಕೋಮಾ ಎಂದು ಹೆಸರು. ಈಜಿಪ್ಟಿನ ರಾಣಿ ಬೆರನೀಸಳ ಕೂದಲು ಎಂದು ಗ್ರೀಕರು ಕರೆದ ನಕ್ಷತ್ರಪುಂಜದಲ್ಲಿ ಇದೆ. ನಮ್ಮ ಪಂಚಾಂಗದ ಗುರುತು ಹಿಡಿದು ಹೋಗುವುದಾದರೆ ಸ್ವಾತಿ ಮತ್ತು ಉತ್ತರಾ ಫಲ್ಗುಣಿ ನಕ್ಷತ್ರಗಳ ನಡುವೆ, ಸ್ವಲ್ಪ ಉತ್ತರಕ್ಕೆ. ವೈಶಾಖದ ರಾತ್ರಿ ಊಟ ಮುಗಿಸಿ ತಾರಸಿಗೆ ಹೋದರೆ ನೆತ್ತಿಯ ಹತ್ತಿರವೇ ಇರುತ್ತದೆ. ಅಲ್ಲಿ ಮಸುಕಾಗಿ ಚೆಲ್ಲಿದಂತೆ ಕಾಣುವ ಚುಕ್ಕಿಗಳನ್ನು ನೋಡಿ ಗೆಲಾಕ್ಸಿ ಕಂಡೆವೆಂದು ಹಿಗ್ಗುವಂತಿಲ್ಲ. ಅವು ಬರೀ 280 ಜ್ಯೋತಿರ್ವರ್ಷ ದೂರದ, ನಮ್ಮದೇ ಆಕಾಶಗಂಗೆಯ ನಕ್ಷತ್ರಗಳು. ಗೊಂಚಲು ಇರುವುದು ಅವುಗಳ ಬೆನ್ನ ಹಿಂದೆ, ಹತ್ತು ಲಕ್ಷ ಪಟ್ಟಿಗಿಂತಲೂ ಹೆಚ್ಚು ಆಚೆ. ಅದರ ಸಾವಿರಕ್ಕೂ ಮಿಕ್ಕ ಗೆಲಾಕ್ಸಿಗಳಲ್ಲಿ ಒಂದೂ ಬರಿಗಣ್ಣಿಗೆ ದಕ್ಕುವುದಿಲ್ಲ.

ಗೊಂಚಲುಗಳ ಹುಚ್ಚು ಹಿಡಿದವರೆಲ್ಲ ಒಬ್ಬ ಮನುಷ್ಯನ ಹೆಸರನ್ನು ದಿನಕ್ಕೆ ಹತ್ತು ಸಲವಾದರೂ ಹೇಳುತ್ತಾರೆ. ಅಬೆಲ್ 426, ಅಬೆಲ್ 370, ಅಬೆಲ್ 2631. ಕೋಮಾ ಸಹ ಅಬೆಲ್ 1656. ಕ್ಯಾಲಿಫೋರ್ನಿಯಾದ ಪಾಲೊಮಾರ್ ಬೆಟ್ಟದಲ್ಲಿ 48 ಇಂಚಿನ ಶ್ಮಿಟ್ ದೂರದರ್ಶಕ 1949ರಿಂದ ಆಕಾಶದ ಫೋಟೋ ತೆಗೆಯತೊಡಗಿದಾಗ ರಾತ್ರಿ ಪಾಳಿಯಲ್ಲಿ ಕೂತವರಲ್ಲಿ ಜಾರ್ಜ್ ಅಬೆಲ್ ಎಂಬ ವಿದ್ಯಾರ್ಥಿಯೂ ಒಬ್ಬರು. ಫಿಲಂ ಎಂದರೆ 14 ಇಂಚು ಚೌಕದ ಗಾಜಿನ ಹಲಗೆ. ಕೈಯನ್ನು ಉದ್ದಕ್ಕೆ ಚಾಚಿ ಹಿಡಿದರೆ ನಾಲ್ಕು ಬೆರಳು ಮುಚ್ಚುವಷ್ಟು ಆಕಾಶ ಒಂದೊಂದು ಹಲಗೆಯಲ್ಲಿ. ಅಂಥ ನೂರಾರು ಹಲಗೆಗಳನ್ನು ಅಬೆಲ್ ಭೂತಗನ್ನಡಿ ಹಿಡಿದು ಒಂದೊಂದಾಗಿ ಜಾಲಾಡಿದರು. ನಕ್ಷತ್ರ ಚೂಪಾದ ಚುಕ್ಕಿ, ಗೆಲಾಕ್ಸಿ ಅಂಚು ಕರಗಿದ ಕಲೆ. ಕಲೆಗಳು ಒತ್ತಾಗಿ ಕಂಡಲ್ಲಿ ನಿಂತು ಎಣಿಸಬೇಕು.

ಎಣಿಕೆಗೆ ಅವರು ಮಾಡಿಕೊಂಡ ನಿಯಮ ರುಚಿಕಟ್ಟಾಗಿದೆ. ಗುಂಪಿನಲ್ಲಿ ಅತಿ ಪ್ರಕಾಶದ ಗೆಲಾಕ್ಸಿಯನ್ನು ಅಳತೆಗೋಲು ಮಾಡಿಕೊಳ್ಳಲಿಲ್ಲ, ಎರಡನೆಯದನ್ನೂ ಬಿಟ್ಟರು, ಮೂರನೆಯದನ್ನು ಹಿಡಿದರು. ಅದಕ್ಕಿಂತ ಎರಡು ಪ್ರಕಾಶಮಾನ ದರ್ಜೆ ಮಸುಕಾದುದರವರೆಗೆ ಕನಿಷ್ಠ ಐವತ್ತು ಗೆಲಾಕ್ಸಿ ಇದ್ದರಷ್ಟೇ ಅದು ತುಂಬಿದ ಗೊಂಚಲು. ಮೂರನೆಯದೇ ಯಾಕೆ? ಗ್ರೂಪ್ ಫೋಟೋದಲ್ಲಿ ಎಲ್ಲರಿಗಿಂತ ಮುಂದೆ ನಿಂತವರು ಮನೆಯವರೇ ಆಗಿರಬೇಕೆಂದಿಲ್ಲವಲ್ಲ. ಹಾದಿಯಲ್ಲಿ ಹೋಗುತ್ತಿದ್ದ ಹತ್ತಿರದ ಗೆಲಾಕ್ಸಿಯೊಂದು ಅಡ್ಡ ಬಂದು ದೊಡ್ಡದಾಗಿ ಕಂಡಿರಬಹುದು. 1958ರಲ್ಲಿ ಅಬೆಲ್ ಪ್ರಕಟಿಸಿದ ಪಟ್ಟಿಯಲ್ಲಿ 2712 ಗೊಂಚಲುಗಳಿದ್ದವು. ದಕ್ಷಿಣದ ಆಕಾಶವನ್ನೂ ಸೇರಿಸಿ 4073ಕ್ಕೆ ಬೆಳೆದ ಪಟ್ಟಿ 1989ರಲ್ಲಿ ಅಚ್ಚಾದಾಗ ಅವರು ತೀರಿಕೊಂಡು ಆರು ವರ್ಷವಾಗಿತ್ತು. ಬಳಿಕ ಕಂಪ್ಯೂಟರುಗಳು ಇದೇ ಕೆಲಸವನ್ನು ಬೇಗ ಮಾಡಿವೆ, ಹೆಚ್ಚೂ ಮಾಡಿವೆ. ಆದರೆ ಬಾಯಲ್ಲಿ ಉಳಿದಿರುವುದು ಅಬೆಲ್ ಅವರ ನಂಬರುಗಳೇ.

ಇಲ್ಲಿಯವರೆಗೆ ಎಲ್ಲ ಕಣ್ಣಿಗೆ ಕಾಣುವ ಬೆಳಕಿನ ವ್ಯವಹಾರ. 1970ರ ಡಿಸೆಂಬರ್ 12ರಂದು ಕೀನ್ಯಾದ ಕರಾವಳಿಯಾಚೆ ಸಮುದ್ರದಲ್ಲಿದ್ದ ಕಟ್ಟೆಯೊಂದರಿಂದ ಅಮೆರಿಕದ ಪುಟ್ಟ ಉಪಗ್ರಹವೊಂದು ಮೇಲೇರಿತು. ಅಂದು ಕೀನ್ಯಾದ ಸ್ವಾತಂತ್ರ್ಯ ದಿನ, ಹಾಗಾಗಿ ಹೆಸರು ಉಹುರು. ಸ್ವಾಹಿಲಿಯಲ್ಲಿ ಸ್ವಾತಂತ್ರ್ಯ ಎಂದರ್ಥ. ಎಕ್ಸ್-ರೇಯಲ್ಲಿ ನೋಡಿದ ಉಹುರುವಿಗೆ ಗೊಂಚಲುಗಳು ಬಿಡಿ ಹಣ್ಣುಗಳಾಗಿ ಕಾಣಲಿಲ್ಲ. ಇಡೀ ಗೊಂಚಲೇ ಒಂದು ಹೊಳೆಯುವ ಮೋಡ. ಗೆಲಾಕ್ಸಿ ಗೆಲಾಕ್ಸಿಗಳ ನಡುವಿನ ‘ಖಾಲಿ’ ಜಾಗದ ತುಂಬ ಕೋಟಿಗಟ್ಟಲೆ ಡಿಗ್ರಿ ಕಾದ ಅನಿಲ. ಕೋಮಾದಲ್ಲಿ ಅದು ಹತ್ತು ಕೋಟಿ ಡಿಗ್ರಿಯ ಹತ್ತಿರ ಮುಟ್ಟುತ್ತದೆ. ಸೂರ್ಯನ ಒಡಲಲ್ಲೇ ಒಂದೂವರೆ ಕೋಟಿ ಎಂಬುದನ್ನು ನೆನೆಯಬೇಕು. ಆದರೆ ಎಷ್ಟು ತೆಳು! ಒಂದು ಘನ ಮೀಟರಿನಲ್ಲಿ ಸಾವಿರದಷ್ಟು ಕಣ ಸಿಕ್ಕರೆ ಹೆಚ್ಚು. ಇಷ್ಟು ತೆಳುವಾದರೂ ಜಾಗ ವಿಶಾಲವಾದ್ದರಿಂದ ಗೊಂಚಲಿನ ನಕ್ಷತ್ರಗಳನ್ನೆಲ್ಲ ಒಟ್ಟು ಹಾಕಿದರೂ ಈ ಅನಿಲವೇ ಹಲವು ಪಟ್ಟು ಭಾರ. ಜ್ವಿಕಿಯವರ ಲೆಕ್ಕಕ್ಕೆ ಸಿಗದ ಸರಕಿನಲ್ಲಿ ಒಂದು ಪಾಲು ಇದೇ. ಮಿಕ್ಕ ದೊಡ್ಡ ಪಾಲು, ಒಟ್ಟು ತೂಕದ ನೂರಕ್ಕೆ ಎಂಬತ್ತಕ್ಕೂ ಮೇಲ್ಪಟ್ಟು, ಇನ್ನೂ ಕಪ್ಪಾಗಿಯೇ ಇದೆ.

ಜ್ವಿಕಿಯವರ ತಕ್ಕಡಿ ವೇಗದ್ದು. ಅನಿಲ ಸಿಕ್ಕಿದ್ದರಿಂದ ಎರಡನೆಯ ತಕ್ಕಡಿ ಸಿಕ್ಕಿತು. ಇಷ್ಟು ಕಾದ ಅನಿಲ ಹರಡಿ ಹೋಗದೆ ನಿಂತಿರಬೇಕಾದರೆ ಎಷ್ಟು ಭಾರ ಅದನ್ನು ಎಳೆದಿಟ್ಟಿರಬೇಕು ಎಂದು ಶಾಖದಿಂದಲೇ ತೂಗಬಹುದು. ಒಂದೇ ಷರತ್ತು: ಅನಿಲ ಸಮಾಧಾನವಾಗಿ ನಿಂತಿರಬೇಕು. ಕೊತಕೊತ ಕುದಿಯುತ್ತಿದ್ದರೆ ಆ ಕಲಕಾಟದ ಒತ್ತಡ ಲೆಕ್ಕದಿಂದ ತಪ್ಪಿಹೋಗಿ ತೂಕ ಕಡಿಮೆ ಬರುತ್ತದೆ. ನಿಂತಿದೆಯೋ ಕುದಿಯುತ್ತಿದೆಯೋ ಎಂದು ನೋಡಲು ಜಪಾನ್ 2016ರ ಫೆಬ್ರವರಿಯಲ್ಲಿ ಹಿಟೊಮಿ ಎಂಬ ಉಪಗ್ರಹ ಹಾರಿಸಿತು. ಹಿಟೊಮಿ ಎಂದರೆ ಕಣ್ಣಿನ ಪಾಪೆ. ಅದರ ಸಂವೇದಕವನ್ನು ನಿರಪೇಕ್ಷ ಶೂನ್ಯಕ್ಕಿಂತ ಒಂದು ಡಿಗ್ರಿಯ ಇಪ್ಪತ್ತನೇ ಒಂದು ಭಾಗದಷ್ಟೇ ಮೇಲೆ ಇಟ್ಟಿದ್ದರು. ಕೋಟಿಗಟ್ಟಲೆ ಡಿಗ್ರಿಯ ಬೇಗೆ ಅಳೆಯಲು ಇಂಥ ಚಳಿ! ಅದು ಪರ್ಸಿಯಸ್ ಗೊಂಚಲಿನತ್ತ ನೋಡಿತು. ಒಂದು ದೈತ್ಯ ಕಪ್ಪುಕುಳಿ ನಡುವೆ ಕೂತು ಗುಳ್ಳೆ ಊದುತ್ತಾ ಅನಿಲವನ್ನು ಕದಡುತ್ತಿರುವ ಜಾಗ ಅದು. ಆದರೂ ಅಲ್ಲಿ ಕಂಡ ಕಲಕಾಟದ ವೇಗ ಸೆಕೆಂಡಿಗೆ 164 ಕಿಲೋಮೀಟರ್ ಮಾತ್ರ, ಅದರ ಒತ್ತಡ ಶಾಖದ ಒತ್ತಡದ ನೂರಕ್ಕೆ ನಾಲ್ಕರಷ್ಟು. ಬಲ್ಲವರು ಊಹಿಸಿದ್ದಕ್ಕಿಂತ ಎಷ್ಟೋ ಶಾಂತ.

ಮಾರ್ಚ್ 26ರಂದು ಹಿಟೊಮಿ ಹೋಯಿತು. ತಾನು ತಿರುಗುತ್ತಿದ್ದೇನೆ ಎಂದು ತಪ್ಪಾಗಿ ತಿಳಿದು, ಅದನ್ನು ಸರಿಪಡಿಸಲು ಹೋಗಿ ನಿಜವಾಗಿಯೂ ತಿರುಗತೊಡಗಿ, ಕೊನೆಗೆ ತುಂಡಾಯಿತು. ಕೆಲಸ ಶುರು ಮಾಡಿ ತಿಂಗಳು ಕಳೆಯುವುದರೊಳಗೆ ಇಷ್ಟು ಒಳ್ಳೆಯ ಒಂದು ಅಂಕಿ ಕೊಟ್ಟು ಹೋದ ಉಪಗ್ರಹ ಇನ್ನೊಂದಿಲ್ಲ.

ಮೂರನೆಯ ತಕ್ಕಡಿಯ ಸುಳಿವನ್ನೂ ಕೊಟ್ಟವರು ಜ್ವಿಕಿಯವರೇ. ಭಾರವಾದ ಗೆಲಾಕ್ಸಿಗಳು ಮಸೂರದಂತೆ ಹಿಂದಿನ ಬೆಳಕನ್ನು ಬಾಗಿಸಬಹುದು, ಆ ಬಾಗಿನಿಂದ ಅವುಗಳನ್ನು ತೂಗಬಹುದು ಎಂದು 1937ರಲ್ಲೇ ಬರೆದರು. ಗೊಂಚಲಿನಲ್ಲಿ ಅದು ಕಣ್ಣಿಗೆ ಬೀಳಲು ಐವತ್ತು ವರ್ಷ ಹಿಡಿಯಿತು. ಫ್ರಾನ್ಸಿನ ಟುಲೂಸಿನ ತಂಡ ಅಬೆಲ್ 370ರಲ್ಲಿ ಬಳೆಚೂರಿನಂಥ ಉದ್ದನೆಯ ಕಮಾನೊಂದನ್ನು 1987ರಲ್ಲಿ ಪ್ರಕಟಿಸಿತು. ಅದು ಗೊಂಚಲಿನದೇ ಅಂಗವೋ ಬೇರೆಯೋ ಎಂಬ ಜಗಳ, ಅದರ ಬೆಳಕನ್ನು ಬಿಡಿಸಿ ನೋಡಿದ ಮೇಲೆ ತೀರಿತು. ಗೊಂಚಲಿಗಿಂತ ಎಷ್ಟೋ ಹಿಂದಿರುವ ಗೆಲಾಕ್ಸಿಯೊಂದು ಹಿಗ್ಗಿ ಬಾಗಿ ಕಾಣುತ್ತಿತ್ತು. ಜ್ವಿಕಿ 1974ರಲ್ಲೇ ತೀರಿಕೊಂಡಿದ್ದರು. 2022ರ ಜುಲೈನಲ್ಲಿ ಜೇಮ್ಸ್ ವೆಬ್ ದೂರದರ್ಶಕದ ಮೊದಲ ಚಿತ್ರ ಎಲ್ಲರ ಮೊಬೈಲಿಗೂ ಬಂತಲ್ಲ, ಅದರಲ್ಲಿ ಬಳೆಚೂರುಗಳಂತೆ ಕಂಡ ಗೆರೆಗಳೂ ಇಂಥವೇ.

ಭಾರತದ ಪಾಲು ಕಡಿಮೆಯೇನಲ್ಲ. 2017ರಲ್ಲಿ ಪುಣೆಯ ಐಯುಕಾ ಸಂಸ್ಥೆಯ ಜೋಯ್‌ದೀಪ್ ಬಾಗ್ಚಿ ಮತ್ತು ಸಂಗಡಿಗರು ಗೊಂಚಲುಗಳದೇ ಒಂದು ಮಹಾಗೊಂಚಲನ್ನು ಗುರುತಿಸಿ ‘ಸರಸ್ವತಿ’ ಎಂದು ಹೆಸರಿಟ್ಟರು. ಮೀನ ರಾಶಿಯ ಕಡೆ, 400 ಕೋಟಿ ಜ್ಯೋತಿರ್ವರ್ಷ ದೂರ, 43 ಗೊಂಚಲು, ಉದ್ದ 60 ಕೋಟಿ ಜ್ಯೋತಿರ್ವರ್ಷ. ಇದಕ್ಕೆ ಅವರು ಹೊಸ ದೂರದರ್ಶಕವನ್ನೇನೂ ಕಟ್ಟಲಿಲ್ಲ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ನಡೆದ ಸಮೀಕ್ಷೆಯೊಂದು ಎಲ್ಲರಿಗೂ ಬಿಟ್ಟುಕೊಟ್ಟಿದ್ದ ದತ್ತಾಂಶದಲ್ಲೇ ಅದು ಕೂತಿತ್ತು, ಯಾರೂ ನೋಡಿರಲಿಲ್ಲ. ತಂಡದಲ್ಲಿ ಜಮ್‌ಶೆಡ್‌ಪುರದ ಎನ್‌ಐಟಿಯವರೂ ಕೇರಳದ ತೊಡುಪುಳದ ಕಾಲೇಜೊಂದರ ಅಧ್ಯಾಪಕರೂ ಇದ್ದರು. ಬಾಗ್ಚಿ ಆಮೇಲೆ ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯಕ್ಕೆ ಬಂದರು. ಕೋಟ್ಯಂತರ ರೂಪಾಯಿಯ ಯಂತ್ರವಿಲ್ಲದೆ ಏನೂ ಸಾಗದು ಎಂದು ಕೈಚೆಲ್ಲುವ ನಮ್ಮ ಕಾಲೇಜು ಇಲಾಖೆಗಳು ಈ ಕತೆಯನ್ನು ಗೋಡೆಗೆ ತೂಗುಹಾಕಿಕೊಳ್ಳಬೇಕು.

ಮೂರು ತಕ್ಕಡಿಯಲ್ಲೂ ತೂಗಿದರೆ ಒಂದೇ ತೂಕ ಬರುತ್ತದೆಯೇ? ಹತ್ತಿರ ಬರುತ್ತದೆ, ಒಂದೇ ಬರುವುದಿಲ್ಲ. ಶಾಖದಿಂದ ತೂಗಿದ್ದು ಮಸೂರದಿಂದ ತೂಗಿದ್ದಕ್ಕಿಂತ ಹಲವು ಕಡೆ ನೂರಕ್ಕೆ ಹತ್ತು, ಇಪ್ಪತ್ತು ಕಡಿಮೆ. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಇಷ್ಟು ತಲೆಕೆಡಿಸಿಕೊಳ್ಳುವುದೇಕೆಂದರೆ, ಎಷ್ಟು ಭಾರದ ಗೊಂಚಲು ಎಷ್ಟಿವೆ ಎಂಬ ಎಣಿಕೆಯ ಮೇಲೆ ವಿಶ್ವ ಹೇಗೆ ಬೆಳೆಯಿತೆಂಬ ಲೆಕ್ಕ ನಿಂತಿದೆ. 2013ರಲ್ಲಿ ಪ್ಲಾಂಕ್ ಉಪಗ್ರಹ ಎಣಿಸಿದಾಗ, ವಿಶ್ವದ ಹಳೆಯ ಬೆಳಕನ್ನು ಅಳೆದು ಅದೇ ಉಪಗ್ರಹ ಹೇಳಿದ್ದಕ್ಕಿಂತ ಕಡಿಮೆ ಗೊಂಚಲು ಸಿಕ್ಕವು. ಗೊಂಚಲು ಕಡಿಮೆಯೋ, ತಕ್ಕಡಿ ಸರಿಯಿಲ್ಲವೋ ಎಂಬ ವಾದ ಹತ್ತು ವರ್ಷ ಎಳೆಯಿತು.

ಜರ್ಮನಿಯ ಇರೋಸಿಟಾ ಎಕ್ಸ್-ರೇ ದೂರದರ್ಶಕ 2019ರ ಜುಲೈನಲ್ಲಿ ರಷ್ಯಾದ ಉಪಗ್ರಹದ ಮೇಲೆ ಕೂತು ಹೋಯಿತು. ಇಡೀ ಆಕಾಶವನ್ನು ಎಂಟು ಸಲ ಸುತ್ತಿ ನೋಡಬೇಕೆಂಬುದು ಯೋಜನೆ. ಮೊದಲ ಸುತ್ತಿನ ಅರ್ಧ ಆಕಾಶದಲ್ಲೇ 12,247 ಗೊಂಚಲು ಮತ್ತು ಗುಂಪುಗಳು ಸಿಕ್ಕವು. ಅವುಗಳಲ್ಲಿ ಐದು ಸಾವಿರಕ್ಕೂ ಮಿಕ್ಕವನ್ನು ಮಸೂರದ ತಕ್ಕಡಿಯ ನೆರವಿನಿಂದ ತೂಗಿ 2024ರಲ್ಲಿ ಪ್ರಕಟಿಸಿದ ಲೆಕ್ಕ ಹಳೆಯ ಬೆಳಕಿನ ಲೆಕ್ಕದೊಂದಿಗೆ ಹೊಂದಿತು. ಅಷ್ಟರಲ್ಲಿ ಯುದ್ಧ ಬಂದಿತ್ತು. ರಷ್ಯಾ ಉಕ್ರೇನಿನ ಮೇಲೆ ಬಿದ್ದ ಎರಡೇ ದಿನಕ್ಕೆ, 2022ರ ಫೆಬ್ರವರಿ 26ರಂದು, ಜರ್ಮನಿಯವರು ಇರೋಸಿಟಾವನ್ನು ಮಲಗಿಸಿದರು. ಎಂಟು ಸುತ್ತಿನಲ್ಲಿ ಅದು ಪೂರ್ತಿ ಮುಗಿಸಿದ್ದು ನಾಲ್ಕು.