ಕದ್ರಿ ಗೋಪಾಲನಾಥರ ವಾದನ: ಒಂದು ವಿವೇಚನೆ

ಪರದೇಶದ ವಾದ್ಯವೊಂದು ನಮ್ಮ ಸಂಗೀತಕ್ಕೆ ಒಗ್ಗಿತೆಂದು ಹೇಳುವಾಗ ನಾವು ಸಾಮಾನ್ಯವಾಗಿ ವಾದ್ಯವನ್ನು ಹೊಗಳುತ್ತೇವೆ. ಒಗ್ಗಿಸಿದವರ ಶ್ರಮವನ್ನು ಮರೆಯುತ್ತೇವೆ. ಕದ್ರಿ ಗೋಪಾಲನಾಥರ ವಿಷಯದಲ್ಲಿಯೂ ಹೀಗೆಯೇ ಆಗಿದೆ. 'ಸ್ಯಾಕ್ಸೋಫೋನ್ ಚಕ್ರವರ್ತಿ' ಎಂಬ ಬಿರುದು ಎಲ್ಲರ ಬಾಯಲ್ಲಿದೆ. ಆ ಚಕ್ರವರ್ತಿ ಎಂತಹ ವಿದ್ಯಾರ್ಥಿಯಾಗಿದ್ದರೆಂಬ ವಿಚಾರ ವಿರಳ.

1949ರಲ್ಲಿ ಬಂಟ್ವಾಳ ತಾಲೂಕಿನ ಸಜೀಪಮೂಡದಲ್ಲಿ ಜನಿಸಿದ ಅವರಿಗೆ ಸಂಗೀತವು ಮನೆಯ ಕಸುಬಾಗಿ ಬಂದಿತು. ತಂದೆ ತನಿಯಪ್ಪನವರು ನಾಗಸ್ವರ ವಾದಕರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನನ್ನು ಕಂಡು ಮನಸೋತ ತರುಣನಿಗೆ ಅದರಲ್ಲಿ ರಾಗವನ್ನು ನುಡಿಸುವ ಮಾರ್ಗ ಸಿದ್ಧವಾಗಿರಲಿಲ್ಲ. ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರ್, ಅನಂತರ ಮದರಾಸಿನಲ್ಲಿ ಗಾಯಕರೂ ಮೃದಂಗ ವಿದ್ವಾಂಸರೂ ಆದ ಟಿ. ವಿ. ಗೋಪಾಲಕೃಷ್ಣನ್, ಇವರ ಬಳಿ ಪಾಠವಾಯಿತು. ಮೊದಲು ಸಂಗೀತ, ಆಮೇಲೆ ವಾದ್ಯ. ಈ ಕ್ರಮವನ್ನು ವಾಚಕರು ಗಮನಿಸಬೇಕು.

ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸಿನಲ್ಲಿ ಹಕ್ಕುಪತ್ರ ಪಡೆದ ಈ ವಾದ್ಯದಲ್ಲಿ ರಂಧ್ರಗಳನ್ನು ಬೆರಳು ಮುಟ್ಟುವುದಿಲ್ಲ, ಕೀಲಿಗಳು ಮುಚ್ಚುತ್ತವೆ. ನಾಗಸ್ವರದಲ್ಲಿ ಬೆರಳು ತುಸುವೇ ಸರಿದರೆ ಸ್ವರ ಜಾರುತ್ತದೆ. ಇಲ್ಲಿ ಸ್ವರಗಳು ಮೆಟ್ಟಿಲುಗಳಂತೆ ಬಿಡಿಬಿಡಿಯಾಗಿ ನಿಲ್ಲುತ್ತವೆ. ತೋಡಿಯ ಗಾಂಧಾರಕ್ಕೆ ಬೇಕಾದ ಕಂಪನವನ್ನು ಈ ಮೆಟ್ಟಿಲುಗಳ ನಡುವಿನಿಂದ ತುಟಿ, ಉಸಿರು, ನಾಲಗೆಗಳ ಹದದಿಂದಲೇ ತೆಗೆಯಬೇಕು. ಗೋಪಾಲನಾಥರ ವಿಳಂಬದ ಆಲಾಪನೆಯಲ್ಲಿ ನಮಗೆ ಕೇಳಿಸುವುದು ಈ ಹದ. ಅತಿವೇಗದ ಸ್ವರಪ್ರಸ್ತಾರಗಳಲ್ಲಿ ಮಾತ್ರ ಕೀಲಿಗಳ ಸೌಲಭ್ಯವೇ ಮುಂದಾಗಿ, ರಾಗದ ಮುಖ ಕ್ಷಣಕಾಲ ಮಸುಕಾಗುವುದುಂಟು.

ಜಾಝ್ ಸಂಗೀತದೊಡನೆ ಅವರ ನಂಟು 1980ರ ಮುಂಬಯಿಯ ಜಾಝ್ ಉತ್ಸವದಲ್ಲಿ, ಅಮೆರಿಕೆಯ ಜಾನ್ ಹ್ಯಾಂಡಿಯವರ ಜತೆಗೂಡಿ ನುಡಿಸಿದಾಗ ಬೆಳಕಿಗೆ ಬಂತು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮೆನೇಡ್ ಕಚೇರಿಯ ಗೌರವ ದೊರೆಯಿತು. ಆದರೆ ಈ ನಂಟಿನ ಪಕ್ವಫಲವೆಂದು ನಾವು ಎಣಿಸುವುದು ರುದ್ರೇಶ್ ಮಹಂತಪ್ಪನವರೊಡನೆ ನುಡಿಸಿದ, 2008ರಲ್ಲಿ ಹೊರಬಂದ 'ಕಿನ್ಸ್‌ಮೆನ್' ಧ್ವನಿಮುದ್ರಿಕೆಯನ್ನು. ಎರಡು ಸ್ಯಾಕ್ಸೋಫೋನುಗಳ ಜತೆಗೆ ಎ. ಕನ್ಯಾಕುಮಾರಿಯವರ ಪಿಟೀಲು, ಮೃದಂಗ, ಗಿಟಾರ್, ಡ್ರಮ್ ಇವೆ; ವಾದಕರು ಒಂಟಿಯಾಗಿ ಆಲಾಪಿಸಲು ಎಡೆಯೂ ಇದೆ. ಇಲ್ಲಿ ಗೋಪಾಲನಾಥರು ಜಾಝ್ ವಾದಕರಾಗಲು ಹವಣಿಸುವುದಿಲ್ಲ. ತಮ್ಮ ಜಗಲಿಯಲ್ಲಿ ಕುಳಿತೇ ನೆರೆಯವರೊಡನೆ ಮಾತಾಡುತ್ತಾರೆ. ಬೆರಕೆಗೂ ಸಂವಾದಕ್ಕೂ ಇರುವ ಅಂತರ ಇದೇ.

ಅವರ ಬೋಧನೆಯ ಫಲವನ್ನು ಎರಡು ಕಡೆ ನೋಡಬಹುದು. ಅಮೆರಿಕೆಯ ಪ್ರಶಾಂತ್ ರಾಧಾಕೃಷ್ಣನ್‌ರಂತಹ ಶಿಷ್ಯರು ಅವರಲ್ಲಿ ಕಲಿತು ಎರಡೂ ಸಂಪ್ರದಾಯಗಳಲ್ಲಿ ನುಡಿಸುತ್ತಿದ್ದಾರೆ. ಇತ್ತ ತುಳುನಾಡಿನಲ್ಲಿ, ನಮ್ಮ ಕಾಸರಗೋಡಿನ ಕಡೆಯಲ್ಲಿಯೂ, ಮದುವೆಯ ಚಪ್ಪರ, ದೇವಸ್ಥಾನದ ಉತ್ಸವ, ಭೂತಕೋಲಗಳಲ್ಲಿ ಸ್ಯಾಕ್ಸೋಫೋನ್ ಮೊಳಗುತ್ತಿದೆ. ಇದು ಸಂತೋಷದ ಸಂಗತಿ. ಹಲವು ವಾದಕ ಕುಟುಂಬಗಳ ಅನ್ನವೂ ಹೌದು. ಆದರೆ ಈ ಮೊಳಗಿನಲ್ಲಿ ನಾಗಸ್ವರದ ದನಿ ಹಿಂದಕ್ಕೆ ಸರಿಯುತ್ತಿದೆ. ಯಾವ ಮರದ ಬೇರಿನಿಂದ ರಸ ಏರಿತೋ ಆ ಬೇರಿಗೆ ನೀರು ಕಡಿಮೆಯಾಗುತ್ತಿದೆ.

ಪ್ರಾಥಮಿಕ ಶಾಲೆಯಲ್ಲಿ ಅಕ್ಷರ ಕಲಿಸುವ ನಮಗೆ ಇದರ ಮರ್ಮ ತಿಳಿಯದ್ದಲ್ಲ. ಗುರು ಬರೆದ ಅಕ್ಷರದ ಮೇಲೆ ತಿದ್ದುವ ಮಗುವಿಗೆ ಆಕಾರ ಬರುತ್ತದೆ. ಓದು ಬರಬೇಕಾದರೆ ಬೇರೆಯೇ ಅಭ್ಯಾಸ ಬೇಕು. ಗೋಪಾಲನಾಥರ ನಾದವನ್ನು ಅನುಕರಿಸುವವರು ಅನೇಕರು. ಅವರಂತೆ ಮೊದಲು ಹಾಡಿಕೆಯನ್ನು ಅರಗಿಸಿಕೊಂಡು, ನಾಗಸ್ವರದ ಮೆಲುಕನ್ನು ಕಿವಿಯಲ್ಲಿ ಇಟ್ಟುಕೊಂಡು ವಾದ್ಯ ಹಿಡಿಯುವವರು ಎಷ್ಟು ಮಂದಿ? 2019ರ ಅಕ್ಟೋಬರ್ 11ರಂದು ಅವರು ಕಾಲವಾದರು. ಧ್ವನಿಮುದ್ರಿಕೆಗಳು ಅವರ ವಾದನವನ್ನು ಉಳಿಸಿವೆ. ಕಲಿತ ಕ್ರಮವನ್ನು ಉಳಿಸುವ ಭಾರ ಮಾತ್ರ, ಎಳೆಯರ ಕೈಗೆ ವಾದ್ಯವನ್ನು ಕೊಡುವ ಪ್ರತಿಯೊಬ್ಬ ಗುರುವಿನ ಮೇಲಿದೆ.